ಕುಷ್ಠರೋಗದ ಗುರುತು ಹುಡುಕಿದ ಚಿತ್ರಕಾರ ವೈದ್ಯ: ಡಾ. ಹೆನ್ರಿ ವ್ಯಾಂಡೈಕ್ ಕಾರ್ಟರ್

ವೈದ್ಯಕೀಯ ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ಕೈಗೆ ಮೊದಲ ವರ್ಷವೇ ಬರುವ ದಪ್ಪ ಗ್ರಂಥಗಳಲ್ಲಿ ಗ್ರೇ ಅವರ ಅಂಗರಚನಾಶಾಸ್ತ್ರವೂ ಒಂದು. 1858ರಲ್ಲಿ ಲಂಡನ್ನಿನಲ್ಲಿ ಮೊದಲು ಅಚ್ಚಾದ ಈ ಪುಸ್ತಕ ಇಂದಿಗೂ ಹೊಸ ಆವೃತ್ತಿಗಳಲ್ಲಿ ಬರುತ್ತಲೇ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನಲ್ಲಾಗಲಿ, ಸರಕಾರಿ ಬಿಮ್ಸ್ ಕಾಲೇಜಿನಲ್ಲಾಗಲಿ ಓದುವ ನಮ್ಮ ಮಕ್ಕಳಿಗೆ ಹೆನ್ರಿ ಗ್ರೇ ಎಂಬ ಹೆಸರು ಗೊತ್ತು. ಆದರೆ ಆ ಪುಸ್ತಕದ ಚಿತ್ರಗಳನ್ನು ಬರೆದ ಕೈ ಯಾರದು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಆ ಕೈ ಡಾ. ಹೆನ್ರಿ ವ್ಯಾಂಡೈಕ್ ಕಾರ್ಟರ್ ಅವರದು. ಪುಸ್ತಕ ಹೊರಬರುವ ಹೊತ್ತಿಗೆ ಅವರು ಮುಂಬಯಿಯಲ್ಲಿದ್ದರು. ಮುಂದಿನ 30 ವರ್ಷ ಅವರು ದುಡಿದದ್ದು ಬೆಳಗಾವಿ, ಖಾನಾಪುರಗಳೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ. ಆ ದುಡಿಮೆಯ ಬಹುಪಾಲು ಜನರು ಹೆಸರೆತ್ತಲೂ ಹೆದರುತ್ತಿದ್ದ ಒಂದು ರೋಗಕ್ಕೆ ಸಂದಿತು.

ಕಾರ್ಟರ್ ಹುಟ್ಟಿದ್ದು 1831ರ ಮೇ 22ರಂದು, ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ಬೆಳೆದದ್ದು ಅದೇ ಸೀಮೆಯ ಕಡಲ ದಂಡೆಯ ಊರಾದ ಸ್ಕಾರ್ಬರೋದಲ್ಲಿ. ತಂದೆ ಹೆನ್ರಿ ಬಾರ್ಲೋ ಕಾರ್ಟರ್ ಚಿತ್ರಕಾರರು. ಮಗನ ಹೆಸರಿನ ನಡುವೆ ಸೇರಿದ ವ್ಯಾಂಡೈಕ್ ಎಂಬುದೂ ಹಿಂದಿನ ಕಾಲದ ಹೆಸರಾಂತ ಚಿತ್ರಕಾರನೊಬ್ಬನ ನೆನಪಿನದು. ತಮ್ಮನೂ ಚಿತ್ರಕಾರನಾದ. ಹಿರಿಯ ಮಗ ಮಾತ್ರ ವೈದ್ಯಕೀಯ ಕಲಿಯಲು ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಗೆ ಹೋದರು. 1852ರಲ್ಲಿ ಶಸ್ತ್ರವೈದ್ಯರ ಪರೀಕ್ಷೆ ಮುಗಿಸಿ, 1856ರಲ್ಲಿ ಎಂ.ಡಿ. ಪದವಿ ಪಡೆದರು. ಮನೆಯಲ್ಲಿ ಕಲಿತ ಕುಂಚದ ವಿದ್ಯೆ ಮಾತ್ರ ಅವರನ್ನು ಬಿಡಲಿಲ್ಲ.

ಆ ವಿದ್ಯೆಯೇ ಅವರನ್ನು ಹೆನ್ರಿ ಗ್ರೇ ಅವರ ಬಳಿಗೆ ತಂದಿತು. ಇಬ್ಬರೂ ಕೂಡಿ ಶವಗಳನ್ನು ಛೇದಿಸಿದರು. ಗ್ರೇ ಬರೆದರು, ಕಾರ್ಟರ್ ಚಿತ್ರಿಸಿದರು. ಒಟ್ಟು 363 ಚಿತ್ರಗಳು. ಮರದ ಅಚ್ಚಿನ ಮೇಲೆ ಎಡಬಲ ತಿರುವಿ ಬರೆಯಬೇಕಾಗಿದ್ದ ಕಷ್ಟದ ಕೆಲಸ ಅದು. ಅವರ ಚಿತ್ರಗಳಲ್ಲಿ ಒಂದು ಹೊಸತನವಿತ್ತು. ನರ, ಸ್ನಾಯು, ಮೂಳೆಗಳ ಹೆಸರನ್ನು ಪುಟದ ಬದಿಯಲ್ಲಿ ಬರೆಯದೆ ಆಯಾ ಅಂಗದ ಮೈಮೇಲೆಯೇ ಮೂಡಿಸಿದ್ದರು. ನೋಡುವವನ ಕಣ್ಣು ಅತ್ತಿತ್ತ ಅಲೆಯಬೇಕಾಗಿರಲಿಲ್ಲ. ಇಷ್ಟಾದರೂ ಅವರಿಗೆ ಸಿಕ್ಕಿದ್ದು ಒಂದೇ ಸಲದ 150 ಪೌಂಡು. ಮಾರಾಟದ ಲಾಭದಲ್ಲಿ ಪಾಲು ಗ್ರೇ ಅವರಿಗೆ ಮಾತ್ರ. ಮುಖಪುಟದ ಕರಡಚ್ಚಿನಲ್ಲಿ ಕಾರ್ಟರ್ ಅವರ ಹೆಸರನ್ನು ಸಣ್ಣ ಅಕ್ಷರಕ್ಕೆ ಇಳಿಸುವಂತೆ ಗ್ರೇ ತಿದ್ದಿದ್ದೂ ದಾಖಲಾಗಿದೆ. 1861ರಲ್ಲಿ ಗ್ರೇ ಸಿಡುಬಿನಿಂದ ಕಣ್ಮುಚ್ಚಿದರು. ಆಗ ಅವರಿಗೆ 34 ವರ್ಷ. ದೊಡ್ಡ ಹೆಸರು ಅವರದಾಯಿತು, ದೀರ್ಘ ದುಡಿಮೆ ಕಾರ್ಟರ್ ಅವರ ಪಾಲಿಗೆ ಬಂತು.

1858ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮುಂಬಯಿಗೆ ಬಂದ ಕಾರ್ಟರ್, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಮತ್ತು ಶರೀರಶಾಸ್ತ್ರದ ಪ್ರಾಧ್ಯಾಪಕರಾದರು. ಪಕ್ಕದಲ್ಲೇ ಸರ್ ಜಮ್ಶೆಟ್ಜಿ ಜೀಜೀಭಾಯಿ ಆಸ್ಪತ್ರೆ. ಜೆ.ಜೆ. ಆಸ್ಪತ್ರೆಯೆಂದು ಇಂದಿಗೂ ಎಲ್ಲರೂ ಕರೆಯುವುದು ಅದನ್ನೇ. ಅಲ್ಲಿಗೆ ಬರುತ್ತಿದ್ದ ಕುಷ್ಠರೋಗಿಗಳನ್ನು ಅವರು ಹತ್ತಿರದಿಂದ ನೋಡತೊಡಗಿದರು.

ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಈ ರೋಗ ಹೊಸದೇನಲ್ಲ. ಇಬ್ನ್ ಸೀನಾ ಅವರ ಅಲ್-ಕಾನೂನ್ ಗ್ರಂಥದಲ್ಲಿ ಜುಜಾಮ್ ಎಂಬ ಹೆಸರಿನಲ್ಲಿ ಇದರ ವಿವರವಿದೆ. ಚರ್ಮ ಬಿಳುಪಾಗುವ ಬರಸ್ ಎಂಬ ಇನ್ನೊಂದು ಸ್ಥಿತಿಗೆ ಅರಬ್ಬಿ ವೈದ್ಯರು ಬೇರೆ ಹೆಸರನ್ನೇ ಇಟ್ಟಿದ್ದರು. ಆದರೆ ಜನರ ಬಾಯಲ್ಲಿ ಇವೆರಡೂ ಕಲೆತುಹೋಗಿದ್ದವು. ನಮ್ಮ ಬೆಳಗಾವಿಯಂಥ ಮೂರು ಭಾಷೆಗಳ ಊರಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ನಮ್ಮ ಮನೆಗಳ ಉರ್ದುವಿನಲ್ಲಿ ಕೋಢ್ ಎಂದರೆ ಕುಷ್ಠ. ನೆರೆಮನೆಯ ಮರಾಠಿಯಲ್ಲಿ ಕೋಡ ಎಂದರೆ ತೊನ್ನು, ಅಂದರೆ ಬಣ್ಣ ಹೋದ ಬಿಳಿ ಚರ್ಮ. ಅದು ಅಂಟುವುದೂ ಇಲ್ಲ, ಅಂಗವನ್ನು ಕೆಡಿಸುವುದೂ ಇಲ್ಲ. ಕನ್ನಡದಲ್ಲಿಯೂ ತೊನ್ನು ಎಂಬ ಮಾತನ್ನು ಹಿಂದಿನವರು ಎರಡಕ್ಕೂ ಬಳಸಿದ್ದುಂಟು. ಒಂದು ತಪ್ಪು ಹೆಸರಿನಿಂದ ನಿಶ್ಚಯವಾದ ಮದುವೆ ಮುರಿಯುವುದನ್ನು, ಹೆಣ್ಣುಮಗಳು ತವರಿಗೆ ಮರಳುವುದನ್ನು ಬಲ್ಲವರು ನಮ್ಮಲ್ಲಿ ಇಲ್ಲದಿಲ್ಲ. ರೋಗದ ಹೆಸರು ಹೇಳುವ ಮೊದಲು ಅದು ಆ ರೋಗವೇ ಹೌದೋ ಎಂದು ನೋಡಬೇಕಲ್ಲವೇ? ಕಾರ್ಟರ್ ಕೈಹಾಕಿದ್ದು ಈ ನೋಡುವ ಕೆಲಸಕ್ಕೆ.

ಅವರು ರೋಗಿಯ ಚರ್ಮದ ಮೇಲಿನ ಮಚ್ಚೆ, ಸ್ಪರ್ಶ ತಿಳಿಯದಿರುವಿಕೆ, ಮುಖ ಮತ್ತು ಕಿವಿಗಳ ಮೇಲೇಳುವ ಗಂಟು, ಇವನ್ನು ಬೇರೆಬೇರೆಯಾಗಿ ಪರಿಶೀಲಿಸಿ ಬರೆದಿಟ್ಟರು. ತೀರಿಕೊಂಡ ರೋಗಿಗಳ ದೇಹಗಳನ್ನು ಛೇದಿಸಿ, ಕೈಕಾಲುಗಳ ನರಗಳು ಉಬ್ಬಿ ದಪ್ಪವಾಗಿರುವುದನ್ನು ಕಂಡು ಚಿತ್ರಿಸಿದರು. ಕುಷ್ಠದ ಲಕ್ಷಣಗಳನ್ನೂ ದೇಹದೊಳಗಿನ ಬದಲಾವಣೆಗಳನ್ನೂ ಕುರಿತ ಅವರ ದೀರ್ಘ ಲೇಖನ 1862ರಲ್ಲಿ ಮುಂಬಯಿಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ನಾರ್ವೆ ದೇಶದ ಡೇನಿಯಲ್ಸನ್ ಮತ್ತು ಬೋಕ್ ಎಂಬ ವೈದ್ಯರು 1847ರಲ್ಲೇ ಈ ರೋಗವನ್ನು ಗಂಟಿನದು ಮತ್ತು ಸ್ಪರ್ಶ ಹೋಗುವುದು ಎಂದು ಎರಡು ಬಗೆಯಾಗಿ ವಿಂಗಡಿಸಿದ್ದರು. ಕಾರ್ಟರ್ ಅದೇ ದಾರಿಯಲ್ಲಿ ನಡೆದು, ಭಾರತದ ರೋಗಿಗಳಲ್ಲಿ ನರದ ಪಾಲು ಎಷ್ಟು ದೊಡ್ಡದೆಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು.

ಇದು ಹಳೆಯ ಕಥೆಯೆಂದು ಬಿಟ್ಟುಬಿಡುವಂಥದ್ದಲ್ಲ. ಇಂದಿಗೂ ಖಾನಾಪುರದ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಮಾಡುವುದು ಇದನ್ನೇ. ರೋಗಿಯನ್ನು ಬೆಳಕಿನಲ್ಲಿ ಕೂರಿಸಿ ಮೈಯೆಲ್ಲ ನೋಡುತ್ತಾರೆ. ಸುತ್ತಲಿನ ಚರ್ಮಕ್ಕಿಂತ ಮಾಸಲಾದ ಇಲ್ಲವೇ ಕೆಂಪಾದ ಮಚ್ಚೆಯಿದ್ದರೆ, ರೋಗಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮೆಲ್ಲಗೆ ಮುಟ್ಟುತ್ತಾರೆ. ಮುಟ್ಟಿದ ಜಾಗವನ್ನು ಆತ ಬೆರಳಿನಿಂದ ತೋರಿಸಬೇಕು. ಬೇರೆಡೆ ಸರಿಯಾಗಿ ತೋರಿಸಿ ಮಚ್ಚೆಯಲ್ಲಿ ಮಾತ್ರ ತಿಳಿಯದೇ ಹೋದರೆ ಅದು ದೊಡ್ಡ ಸುಳಿವು. ಗಜಕರ್ಣದಲ್ಲಿ ತುರಿಕೆಯಿರುತ್ತದೆ, ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿರುತ್ತದೆ. ಎರಡರಲ್ಲಿಯೂ ಸ್ಪರ್ಶ ಹೋಗುವುದಿಲ್ಲ. ಆಮೇಲೆ ಬೆರಳುಗಳಿಂದ ನರಗಳನ್ನು ತಡವಿ ನೋಡುತ್ತಾರೆ: ಮೊಣಕೈಯ ಹಿಂದೆ, ಕುತ್ತಿಗೆಯ ಪಕ್ಕದಲ್ಲಿ, ಮೊಣಕಾಲಿನ ಹೊರಬದಿಯ ಕೆಳಗೆ, ಹಿಮ್ಮಡಿಯ ಒಳಬದಿಯಲ್ಲಿ. ಇಲ್ಲೆಲ್ಲ ನರ ಚರ್ಮಕ್ಕೆ ಹತ್ತಿರವಿದ್ದು ತಂಪಾಗಿರುತ್ತದೆ. ಕುಷ್ಠದ ಸೂಕ್ಷ್ಮಾಣುವಿಗೆ ತಂಪು ಜಾಗವೇ ಪ್ರಿಯ. ಗ್ರೇ ಅವರ ಪುಸ್ತಕಕ್ಕೆ ನರಗಳ ಹಾದಿಯನ್ನೆಲ್ಲ ಬರೆದಿದ್ದ ಕೈ, ಅದೇ ನರಗಳು ರೋಗದಲ್ಲಿ ಹೇಗೆ ಉಬ್ಬುತ್ತವೆಂದು ಬರೆದದ್ದು ನನಗಂತೂ ಕಾಕತಾಳೀಯವೆನಿಸುವುದಿಲ್ಲ. ಸರಿಯಾದದ್ದನ್ನು ಬಲ್ಲವನಿಗೇ ಕೆಟ್ಟದ್ದು ಬೇಗ ಕಾಣುವುದು.

ಖಾನಾಪುರ ತಾಲೂಕನ್ನು ಕಂಡವರಿಗೆ ಈ ಪರೀಕ್ಷೆಯ ಬೆಲೆ ಬೇಗ ಅರ್ಥವಾಗುತ್ತದೆ. ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆಯ ಕಾಡಿನ ಹಳ್ಳಿಗಳು, ಸುರಿಯುವ ಮಳೆ, ಕೆಸರು ಗದ್ದೆಯಲ್ಲಿ ಬರಿಗಾಲಿನ ನಾಟಿ. ಖಾನಾಪುರವೋ ಮಣ್ಣಿನ ಪಾತ್ರೆ ಮತ್ತು ಹೆಂಚಿಗೆ ಹೆಸರಾದ ಊರು. ಕೈಯ ಸ್ಪರ್ಶ ಹೋದ ಕುಂಬಾರನಿಗೆ ಆವಿಗೆಯ ಬಿಸಿ ತಿಳಿಯುವುದಿಲ್ಲ. ಕಾಲಿನ ಸ್ಪರ್ಶ ಹೋದ ರೈತನಿಗೆ ಚುಚ್ಚಿದ ಮುಳ್ಳು ತಿಳಿಯುವುದಿಲ್ಲ. ನೋವಿಲ್ಲದ ಮಚ್ಚೆಯನ್ನು ಯಾರೂ ವೈದ್ಯರಿಗೆ ತೋರಿಸುವುದಿಲ್ಲ. ಗಾಯ ಕೊಳೆತು, ಬೆರಳು ಮಡಚಿಕೊಂಡ ಮೇಲೆ ಬರುತ್ತಾರೆ. ಬೆರಳುಗಳನ್ನು ರೋಗವೇ ತಿನ್ನುತ್ತದೆ ಎಂದು ಜನ ನಂಬಿರುವುದು ಇದರಿಂದಲೇ. ನಿಜಕ್ಕೂ ಅವುಗಳನ್ನು ಕಳೆಯುವುದು ನೋವು ತಿಳಿಯದೆ ಆದ ಸುಟ್ಟಗಾಯ ಮತ್ತು ಹುಣ್ಣು.

1863ರಲ್ಲಿ ಕಾರ್ಟರ್ ಸಾತಾರಾಕ್ಕೆ ಸಿವಿಲ್ ಸರ್ಜನ್ ಆಗಿ ಹೋದರು. ಬೆಳಗಾವಿಯಿಂದ ಕೊಲ್ಹಾಪುರದ ಮೇಲೆ ಪುಣೆಗೆ ಹೋಗುವ ಹೆದ್ದಾರಿಯ ಸಾತಾರಾ ಅದು. 1872ರವರೆಗೆ ಅಲ್ಲಿದ್ದು, ಅದೇ ಅವಧಿಯಲ್ಲಿ ಮುಂಬಯಿ ಪ್ರಾಂತದಲ್ಲಿ ಕುಷ್ಠರೋಗ ಎಷ್ಟಿದೆ, ಹೇಗಿದೆ ಎಂಬುದನ್ನು 1867ರ ಸರಕಾರಿ ಲೆಕ್ಕದ ಆಧಾರದ ಮೇಲೆ ವರದಿ ಮಾಡಿದರು. ರೋಗದ ಮಾತು ಬಂದಾಗ ಭಯವನ್ನು ಬಿಟ್ಟು ಅಂಕಿಯನ್ನು ಮುಂದಿಟ್ಟ ಅಂಥ ಕೆಲಸ ಆ ಕಾಲಕ್ಕೆ ಅಪರೂಪದ್ದು. ಅದೇ ಕಾಲದಲ್ಲಿ ಮುಂಬಯಿಯ ಡಾ. ಭಾವು ದಾಜಿ ಲಾಡ್ ಗಿಡಮೂಲಿಕೆಯ ಔಷಧದಿಂದ ಕುಷ್ಠಕ್ಕೆ ಚಿಕಿತ್ಸೆ ಹುಡುಕುತ್ತಿದ್ದರು. ನಮ್ಮ ಸಹ್ಯಾದ್ರಿಯ ಕಾಡಿನ ಗರುಡಫಲದಂಥ ಮರಗಳ ಬೀಜದ ಎಣ್ಣೆಯೇ ಮುಂದೆ ಬಹುಕಾಲ ಈ ರೋಗಕ್ಕೆ ಇದ್ದ ಮದ್ದು.

1872ರಲ್ಲಿ ದೀರ್ಘ ರಜೆ ಪಡೆದ ಕಾರ್ಟರ್ ಊರಿಗೆ ಹೋಗಿ ವಿಶ್ರಾಂತಿ ಪಡೆಯಲಿಲ್ಲ. 1873ರಲ್ಲಿ ನಾರ್ವೆಗೆ ಹೋದರು. ಆ ದೇಶದಲ್ಲಿ ಆಗ ಕುಷ್ಠರೋಗ ಬಹಳ. 1856ರಿಂದಲೇ ಪ್ರತಿ ರೋಗಿಯ ಹೆಸರು ದಾಖಲಿಸುವ ರಾಷ್ಟ್ರೀಯ ಪಟ್ಟಿ ಅಲ್ಲಿತ್ತು. ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಅರ್ಮೌವರ್ ಹ್ಯಾನ್ಸೆನ್ ಎಂಬ ತರುಣ ವೈದ್ಯರು ಅದೇ ವರ್ಷ ರೋಗಿಯ ಗಂಟಿನಿಂದ ತೆಗೆದ ದ್ರವ್ಯವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ಕಡ್ಡಿಯಾಕಾರದ ಕಣಗಳನ್ನು ಕಂಡಿದ್ದರು. ರೋಗ ವಂಶಪಾರಂಪರ್ಯವಾಗಿ ಬರುತ್ತದೆ ಎಂದು ಅವರ ಮಾವ ಡೇನಿಯಲ್ಸನ್ ಸೇರಿದಂತೆ ದೊಡ್ಡವರೆಲ್ಲ ನಂಬಿದ್ದ ಕಾಲ ಅದು. ಲಂಡನ್ನಿನ ವೈದ್ಯರ ಮಹಾಸಂಸ್ಥೆಯೂ 1867ರಲ್ಲಿ ಇದು ಅಂಟುರೋಗವಲ್ಲವೆಂದು ತೀರ್ಮಾನಿಸಿತ್ತು. ಹ್ಯಾನ್ಸೆನ್ ಅವರ ಕೆಲಸದ ತೂಕವನ್ನು ಬೇಗ ಅರಿತ ಇಂಗ್ಲಿಷ್ ವೈದ್ಯರಲ್ಲಿ ಕಾರ್ಟರ್ ಮುಂಚೂಣಿಯವರು. 1874ರಲ್ಲಿ ನಾರ್ವೆಯ ಕುಷ್ಠಾಲಯಗಳ ವರದಿಯನ್ನೂ, ಕುಷ್ಠ ಮತ್ತು ಆನೆಕಾಲು ರೋಗಗಳ ಬಗ್ಗೆ ತಾವೇ ಬರೆದ ಚಿತ್ರಗಳುಳ್ಳ ದೊಡ್ಡ ಗ್ರಂಥವನ್ನೂ ಪ್ರಕಟಿಸಿದರು.

ಹ್ಯಾನ್ಸೆನ್ ಕಂಡ ಕಡ್ಡಿಗಳಿಗೆ ಬಣ್ಣ ಹಾಕಿ ಸ್ಪಷ್ಟವಾಗಿ ತೋರಿಸುವ ವಿಧಾನ 1879ರ ನಂತರ ಬೆಳೆಯಿತು. ಬಯಾಪ್ಸಿ ಎಂಬ ಪದವನ್ನು ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೇ ಬಳಕೆಗೆ ತಂದದ್ದೂ ಅದೇ 1879ರಲ್ಲಿ. ಶವವನ್ನು ಛೇದಿಸಿ ತಿಳಿಯಬೇಕಾಗಿದ್ದುದನ್ನು ಬದುಕಿರುವ ರೋಗಿಯ ಚರ್ಮದ ಸಣ್ಣ ತುಣುಕಿನಿಂದ ತಿಳಿಯುವ ಕಾಲ ಬಂತು.

ಈ ತುಣುಕಿನ ಕೆಲಸ ಹೇಗೆ ನಡೆಯುತ್ತದೆಂದು ನಮ್ಮ ವಿಜ್ಞಾನ ವಿದ್ಯಾರ್ಥಿಗಳು ತಿಳಿದಿರಬೇಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಮಚ್ಚೆಯ ಚುರುಕಾಗಿರುವ ಅಂಚಿನಿಂದ ಹೆಸರುಕಾಳಿನಷ್ಟು ಚರ್ಮವನ್ನು ಕೆಳಗಿನ ಕೊಬ್ಬಿನವರೆಗೆ ತೆಗೆಯುತ್ತಾರೆ. ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕೊಯ್ದು ಬಣ್ಣ ಹಾಕುತ್ತಾರೆ. ರೋಗಾಣುವನ್ನು ಕೆಂಪಾಗಿ ತೋರಿಸುವ ಫೈಟ್-ಫರಾಕೊ ಎಂಬ ಬಣ್ಣವೂ ಇದೆ. ನಂತರ ಸೂಕ್ಷ್ಮದರ್ಶಕದಲ್ಲಿ ಕಾಣುವುದು ರೋಗಾಣುವಿನ ಚಿತ್ರ ಮಾತ್ರವಲ್ಲ, ಅದರೊಡನೆ ಹೋರಾಡುವ ದೇಹದ ಚಿತ್ರವೂ ಹೌದು. ಹೋರಾಡುವ ಶಕ್ತಿ ಚೆನ್ನಾಗಿದ್ದರೆ ರಕ್ಷಕ ಕೋಶಗಳು ಗುಂಪುಗಟ್ಟಿ ಮೇಲ್ಚರ್ಮದವರೆಗೆ ಒತ್ತಿಕೊಂಡಿರುತ್ತವೆ, ರೋಗಾಣು ಹುಡುಕಿದರೂ ಸಿಗುವುದಿಲ್ಲ. ಶಕ್ತಿ ಇಲ್ಲವಾದರೆ ನೊರೆಯಂತೆ ಕಾಣುವ ಕೋಶಗಳ ತುಂಬ ರೋಗಾಣುಗಳ ಗೊಂಚಲುಗಳು, ಮೇಲ್ಚರ್ಮದ ಕೆಳಗೆ ಮಾತ್ರ ಖಾಲಿ ಉಳಿದ ತೆಳ್ಳನೆಯ ಪಟ್ಟಿ. ಈ ಎರಡು ತುದಿಗಳಿಗೆ ಟ್ಯೂಬರ್ಕ್ಯುಲಾಯ್ಡ್ ಮತ್ತು ಲೆಪ್ರೊಮಾಟಸ್ ಎಂದು ಹೆಸರು. ನಡುವೆ ಮೂರು ಮೆಟ್ಟಿಲುಗಳನ್ನು ಇಟ್ಟು ಒಟ್ಟು ಐದು ವರ್ಗ ಮಾಡಿದವರು ರಿಡ್ಲಿ ಮತ್ತು ಜಾಪ್ಲಿಂಗ್ ಎಂಬ ಇಬ್ಬರು ಬ್ರಿಟಿಷ್ ವೈದ್ಯರು, 1960ರ ದಶಕದಲ್ಲಿ. ಅದೇ ಕ್ರಮ ಇಂದಿಗೂ ಪ್ಯಾಥಾಲಜಿ ವಿಭಾಗಗಳಲ್ಲಿ ನಡೆದಿದೆ.

ಕಣ್ಣಿನ ಪರೀಕ್ಷೆ ಹೇಳಿದ ವರ್ಗ ಮತ್ತು ಬಯಾಪ್ಸಿ ಹೇಳಿದ ವರ್ಗ ಎಲ್ಲ ಸಲವೂ ಒಂದೇ ಆಗುವುದಿಲ್ಲ. ಎರಡೂ ತುದಿಗಳಲ್ಲಿ ಹೆಚ್ಚಾಗಿ ಹೊಂದಿಕೊಳ್ಳುತ್ತವೆ, ನಡುವಿನ ಮೆಟ್ಟಿಲುಗಳಲ್ಲಿ ಭೇದ ಬರುತ್ತದೆ. ಮುಖದ ಮೇಲಿನ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು. ರೋಗಾಣು ಹೇರಳವಾಗಿರುವ ಬಗೆಯಲ್ಲಿ ಮೊದಮೊದಲು ಸ್ಪರ್ಶ ಹೋಗಿರುವುದೇ ಇಲ್ಲ, ಹುಬ್ಬಿನ ಕೂದಲು ಉದುರುವುದು, ಕಿವಿಯ ತುದಿ ದಪ್ಪವಾಗುವುದು ಇಂಥವೇ ಸುಳಿವು. ಅಂಥಲ್ಲಿ ಚರ್ಮವನ್ನು ಸಣ್ಣಗೆ ಗೀರಿ ತೆಗೆದ ರಸದ ಪರೀಕ್ಷೆಯೂ ಬೇಕು. ಆದ್ದರಿಂದ ಬೆರಳು, ಹತ್ತಿ, ಸೂಕ್ಷ್ಮದರ್ಶಕ ಇವು ಒಂದನ್ನೊಂದು ತಿದ್ದುತ್ತ ನಡೆಯಬೇಕು. ಹಳ್ಳಿಯಲ್ಲಿ ಬಯಾಪ್ಸಿಗೆ ಕಾಯುತ್ತ ಕೂರುವಂತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸುಲಭದ ಲೆಕ್ಕವನ್ನೂ ಕೊಟ್ಟಿದೆ. ಐದರವರೆಗೆ ಮಚ್ಚೆಗಳಿದ್ದರೆ ರೋಗಾಣು ಕಡಿಮೆಯಿರುವ ವರ್ಗ, ಐದಕ್ಕಿಂತ ಹೆಚ್ಚಿದ್ದರೆ ರೋಗಾಣು ಹೆಚ್ಚಿರುವ ವರ್ಗ. ಮೊದಲನೆಯದಕ್ಕೆ 6 ತಿಂಗಳು, ಎರಡನೆಯದಕ್ಕೆ 12 ತಿಂಗಳು ಮಾತ್ರೆ. ವರ್ಗ ತಪ್ಪಿದರೆ ಔಷಧದ ಅವಧಿ ತಪ್ಪುತ್ತದೆ. ಬಹು ಔಷಧ ಚಿಕಿತ್ಸೆಯೆಂಬ ಈ ಮಾತ್ರೆಗಳು 1980ರ ದಶಕದಲ್ಲಿ ಬಂದವು, ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತವೆ. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವುದು ನಿಲ್ಲುತ್ತದೆ.

ಕಾರ್ಟರ್ ಅವರ ಬಳಿ ಈ ಮಾತ್ರೆ ಇರಲಿಲ್ಲ. ರೋಗ ಅಂಟುತ್ತದೆ, ಔಷಧವಿಲ್ಲ ಎಂದಾದಾಗ ಅವರಿಗೆ ಕಂಡ ದಾರಿ ರೋಗಿಗಳನ್ನು ಬೇರೆ ಇಡುವುದು. 1876ರಲ್ಲಿ ಕಾಠಿಯಾವಾಡದಲ್ಲಿ ಸಮೀಕ್ಷೆ ನಡೆಸಿದ ಮೇಲೆಯೂ ನಾರ್ವೆಯ ಮಾದರಿಯ ಕುಷ್ಠಾಲಯಗಳು ಬೇಕೆಂದು ಸರಕಾರಕ್ಕೆ ಒತ್ತಿ ಹೇಳಿದರು. ಅವರ ಉದ್ದೇಶವನ್ನು ನಾವು ಶಂಕಿಸಬೇಕಾಗಿಲ್ಲ. ಆದರೆ ಬೇರೆ ಇಡುವುದು ಎಂಬ ಮಾತು ಕಾಗದದಲ್ಲಿ ಓದಿದಷ್ಟು ಹಗುರವಲ್ಲ. ತಾಯಿಯಿಂದ ಮಗು, ಗಂಡನಿಂದ ಹೆಂಡತಿ ದೂರವಾಗುವುದು ಅದರ ಅರ್ಥ. ಕಣ್ಣು ಅಷ್ಟು ಚುರುಕಾಗಿದ್ದ ವೈದ್ಯರು ಈ ಬೆಲೆಯನ್ನು ಕಡಿಮೆಯಾಗಿ ಲೆಕ್ಕ ಹಾಕಿದರೆಂದೇ ನನ್ನ ಅಭಿಪ್ರಾಯ. ಹಿಂಡಲಗಾದ ಕುಷ್ಠರೋಗ ಆಸ್ಪತ್ರೆಯ ದಾರಿಯನ್ನು ಬಲ್ಲ ಬೆಳಗಾವಿಯ ಹಿರಿಯರಿಗೆ ಊರ ಹೊರಗಿನ ಆಸ್ಪತ್ರೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕುಷ್ಠವೊಂದೇ ಅವರ ಕ್ಷೇತ್ರವಾಗಿರಲಿಲ್ಲ. ಬರಿಗಾಲಿನ ರೈತರಿಗೆ ಬರುವ ಮದುರಾ ಪಾದ ರೋಗಕ್ಕೆ ಶಿಲೀಂಧ್ರ ಕಾರಣವೆಂದು ತೋರಿಸಿದವರು ಅವರೇ. 1877ರ ಬರಗಾಲದಲ್ಲಿ ಮುಂಬಯಿಯಲ್ಲಿ ಹಬ್ಬಿದ ಮರುಕಳಿಸುವ ಜ್ವರದ ಸುರುಳಿ ರೋಗಾಣುವನ್ನು ರೋಗಿಗಳ ರಕ್ತದಲ್ಲಿ ಕಂಡರು. ಗ್ರಾಂಟ್ ಕಾಲೇಜಿನ ಪ್ರಾಂಶುಪಾಲರೂ ಆದರು. 1887ರಲ್ಲಿ ಮಲೇರಿಯಾದ ಪರೋಪಜೀವಿಯನ್ನು ಭಾರತದಲ್ಲಿ ಗುರುತಿಸಿದ ಮೊದಲಿಗರಾದರು.

1888ರಲ್ಲಿ ನಿವೃತ್ತರಾಗಿ ಸ್ಕಾರ್ಬರೋಗೆ ಮರಳಿದರು. 1890ರಲ್ಲಿ ವಿಕ್ಟೋರಿಯಾ ರಾಣಿಯ ಗೌರವ ವೈದ್ಯರೆಂಬ ಪದವಿ ಬಂತು. 1897ರ ಮೇ 4ರಂದು ಕ್ಷಯರೋಗದಿಂದ ತೀರಿಕೊಂಡರು. ಕ್ಷಯದ ರೋಗಾಣುವೂ ಕುಷ್ಠದ ರೋಗಾಣುವೂ ಒಂದೇ ಕುಲದವು.

ಅವರು ತೀರಿಕೊಂಡ ಮರುವರ್ಷ, 1898ರಲ್ಲಿ, ಬೀದಿಯಲ್ಲಿ ಅಲೆಯುವ ಬಡ ಕುಷ್ಠರೋಗಿಗಳನ್ನು ಹಿಡಿದು ಕುಷ್ಠಾಲಯಕ್ಕೆ ಸೇರಿಸುವ ಕಾನೂನು ಬಂತು. 1890-91ರಲ್ಲಿ ಭಾರತಕ್ಕೆ ಬಂದಿದ್ದ ಕುಷ್ಠರೋಗ ಆಯೋಗ ರೋಗ ಸುಲಭವಾಗಿ ಅಂಟುವುದಿಲ್ಲ, ಬಲವಂತ ಬೇಡ ಎಂದಿದ್ದರೂ ಹೀಗಾಯಿತು. ಆ ಕಾನೂನನ್ನು ಸಂಸತ್ತು ರದ್ದು ಮಾಡಿದ್ದು 2016ರಲ್ಲಿ. ಮದುವೆಯ ಕಾನೂನುಗಳಲ್ಲಿಯೂ ಈ ರೋಗದ ಹೆಸರು ಬಹುಕಾಲ ಉಳಿದಿತ್ತು. ಮುಸ್ಲಿಂ ವಿವಾಹ ವಿಸರ್ಜನೆಯ 1939ರ ಕಾಯಿದೆಯಲ್ಲಿ ಗಂಡನಿಗೆ ಕುಷ್ಠವಿದ್ದರೆ ಹೆಂಡತಿ ವಿಚ್ಛೇದನ ಕೇಳಬಹುದಿತ್ತು. ಹಿಂದೂ ಮತ್ತು ಕ್ರೈಸ್ತ ವಿವಾಹಗಳ ಕಾಯಿದೆಗಳಲ್ಲಿಯೂ, 1954ರ ವಿಶೇಷ ವಿವಾಹ ಕಾಯಿದೆಯಲ್ಲಿಯೂ ಅಂಥದೇ ಮಾತಿತ್ತು. ಮಾತ್ರೆಯಿಂದ ಪೂರ್ತಿ ಗುಣವಾಗುವ ರೋಗ ಇದೆಂಬ ಕಾರಣಕ್ಕೆ 2019ರ ತಿದ್ದುಪಡಿ ಕಾಯಿದೆ ಆ ಪದವನ್ನು ಈ ಕಾನೂನುಗಳಿಂದ ತೆಗೆದುಹಾಕಿತು.